ಕೈ ಕಟ್ಟಿ ಕೂಗುವವನು

ಕಮ್ಮನಹಳ್ಳಿಯ ನಮ್ಮ ಮನೆಯೆದುರು ಹೊಸ ಕಟ್ಟಡ ಏಳುತ್ತಿದೆ. ಹೋದ ವಾರ ಅಲ್ಲಿ ಸರ್ವೆ ಮರದ ಕಂಬಗಳನ್ನು ತಂದು ಇಳಿಸಿದರು. ಆಗಷ್ಟೇ ಕಡಿದವು. ತೊಗಟೆಯ ಹಸಿ ವಾಸನೆ ರಸ್ತೆ ದಾಟಿ ನಮ್ಮ ಬಾಗಿಲಿಗೆ ಬಂತು. ಕಾಫಿ ಲೋಟ ಕೈಯಲ್ಲೇ ತಣ್ಣಗಾಯಿತು... ನನ್ನ ತಮ್ಮನ ಮೈಯಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಆಗ ಎರಡನೇ ಮಹಾಯುದ್ಧ ಮುಗಿದ ಹೊಸತು. ನಾವು ಹಲಸೂರಿನಲ್ಲಿದ್ದೆವು. ಅಪ್ಪ ಬೇಗ ತೀರಿಕೊಂಡಿದ್ದರಿಂದ ನಾನು ಚಿಕ್ಕಂದಿನಲ್ಲೇ ಸ್ಕೂಲು ಬಿಟ್ಟು ಮೂಟೆ ಹೊರಲು ಹೋದೆ. ಹಗಲು ಹೊರೆ, ಸಂಜೆ ಗರಡಿ ಮನೆ. ಬೀದಿಯಲ್ಲೆಲ್ಲ ನನ್ನನ್ನು ಪೈಲ್ವಾನ್ ಎಂದೇ ಕರೆಯುತ್ತಿದ್ದರು. ತಮ್ಮ ಕಡ್ಡಿಯಂಥವನು. ಯುದ್ಧದ ಕಾಲದಲ್ಲಿ ಮಿಲಿಟರಿ ಡಿಪೋದಲ್ಲಿ ಕೆಲಸ ಮಾಡಿ, ಅಲ್ಲಿ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಹಾರೆಯಿಂದ ಮೀಟಿ, ದುಂಡು ಕೋಲುಗಳ ಮೇಲೆ ಉರುಳಿಸಿ ಸಾಗಿಸುವುದನ್ನು ಕಲಿತು ಬಂದಿದ್ದ. ಸರ್ವೆ ಕಂಬವನ್ನು ಒಂದೇ ಅಳತೆಗೆ ಕೊಯ್ದು, ತೊಗಟೆ ಸುಲಿದು, ನುಣ್ಣಗೆ ಹೆರೆದು ಇಟ್ಟುಕೊಂಡಿದ್ದ.

“ಅಣ್ಣ, ಕೋಲು ಸವೆದ್ರೆ ಬೇರೆ ತರ್ಬೋದು. ಬೆನ್ನು ಎಲ್ಲಿಂದ ತರ್ತೀಯ?” ಎನ್ನುತ್ತಿದ್ದ. ಮೂಟೆ ಹೊರುವ ನಮ್ಮ ಗುಂಪಿನವರಾರೂ ಇನ್ನು ಬೆನ್ನ ಮೇಲೆ ಹೊರಬಾರದು ಎಂಬುದೇ ಅವನ ಆಸೆ.

ಒಮ್ಮೆ ಹಿಟ್ಟಿನ ಗಿರಣಿಯೊಳಕ್ಕೆ ಎಣ್ಣೆ ಎಂಜಿನ್ ಸೇರಿಸುವ ಕೆಲಸ ಬಂತು. ಅದನ್ನು ತಂದ ಗಾಡಿಯವರು, ಈಗ ಶಿವಾಜಿನಗರ ಅನ್ನುವ ಕಡೆಯ ಸಾಬರು, ಕೋಲುಗಳನ್ನು ಕಂಡು ನಕ್ಕರು.

“ಕ್ಯಾ ಪೈಲ್ವಾನ್, ನಿಮ್ ತಮ್ಮ ಎಂಜಿನ್ ಜೊತೆ ಕೋಲಾಟ ಆಡ್ತಾನಾ?”

“ಆಡಿಸ್ತೀನಿ ಸಾಬ್ರೆ, ನೀವು ತಾಳ ಹಾಕಿ,” ಎಂದ ತಮ್ಮ.

ಅವನ ಕ್ರಮ ಹೀಗಿತ್ತು. ಎಂಜಿನ್ ಮುಂದೆ ಹೋದಂತೆ ಹಿಂದೆ ಉಳಿಯುವ ಕೋಲನ್ನು ತೆಗೆದು ಅವನು ಮುಂದೆ ಇಡುತ್ತಾನೆ. ಅವನ ಕೈ ಈಚೆ ಬಂದದ್ದನ್ನು ನೋಡಿ ಒಬ್ಬ ‘ಐಲೇಸಾ’ ಎಂದು ಕೂಗಬೇಕು. ಆಮೇಲೆ ಮಾತ್ರ ಉಳಿದವರು ತಳ್ಳಬೇಕು. ಕೂಗುವವನು ಭಾರವನ್ನು ಮುಟ್ಟಬಾರದು, ಅವನದು ನೋಡುವ ಕೆಲಸ. ನನ್ನ ಗಂಟಲು ದೊಡ್ಡದೆಂದು ತಮ್ಮ ಅದನ್ನು ನನಗೆ ಕೊಟ್ಟ.

ರಾಗಿ ತಂದ ಹೆಂಗಸರು ಸಾಲಾಗಿ ನಿಂತು ನೋಡುತ್ತಿದ್ದರು. ಅವರೆದುರು ಪೈಲ್ವಾನ್ ಬರಿಗೈಯಲ್ಲಿ ನಿಂತು ಕೂಗುವುದೇ? ಹೊಸ್ತಿಲ ಹತ್ತಿರ ಎಂಜಿನ್ ಕಚ್ಚಿಕೊಂಡಿತು. ನನಗೆ ತಡೆಯಲಾಗಲಿಲ್ಲ. ಹಿಂದೆ ಹೋಗಿ ಭುಜ ಕೊಟ್ಟೆ, ಕಬ್ಬಿಣಕ್ಕೆ ಕೆನ್ನೆ ಒತ್ತಿಕೊಂಡೇ ಕೂಗಿದೆ. ಎಲ್ಲರೂ ತಳ್ಳಿದರು. ಮುಂದೆ ತಮ್ಮನ ಕೈ ಇನ್ನೂ ಕೋಲಿನ ಮೇಲಿತ್ತು.

ಆಸ್ಪತ್ರೆಯಲ್ಲಿ ಅವನ ಬಲಗೈಯ ಎರಡು ಬೆರಳು ತೆಗೆದರು. ಏನಾಯಿತೆಂದು ಕೇಳಿದವರಿಗೆಲ್ಲ ನಾನು, “ಕೋಲು ಸೀಳ್ಬಿಡ್ತು,” ಎಂದೆ. ಎಲ್ಲರೂ ನಂಬಿದರು. ಕೋಲುಗಳನ್ನು ಸೌದೆಗೆ ಹಾಕಿ, ಎಂಜಿನ್ ಒಳಗೆ ಸೇರಿದರೂ ಹೊರಗೇ ಉಳಿದಿದ್ದ ಅದರ ಭಾರಿ ಚಕ್ರವನ್ನು ಮೊದಲಿನಂತೆ ಹೆಗಲ ಮೇಲೆ ಹೊರೋಣ ಎಂದರು. ನಾನು ಬೇಡವೆನ್ನಲಿಲ್ಲ...

ಹೊರುವ ದಿನ ಕೈಗೆ ಕಟ್ಟು ಹಾಕಿಕೊಂಡೇ ತಮ್ಮ ಬಂದ. ಸೌದೆಯ ಪಕ್ಕ ಕೂತು ಎಡಗೈಯಿಂದ ಒಂದೊಂದೇ ಕೋಲನ್ನು ತಿರುಗಿಸಿ, ಹೆಬ್ಬೆರಳಾಡಿಸಿ ನೋಡಿದ. ಒಂದೂ ಸೀಳಿರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

“ಕೋಲೆಲ್ಲ ಗಟ್ಟಿ ಇವೆ,” ಎಂದ ಎಲ್ಲರಿಗೂ ಕೇಳುವಂತೆ.

“ಮತ್ತೆ ಆವತ್ತು ಏನಾಯ್ತಪ್ಪಾ?” ಎಂದರು ಅಂದೂ ಬಂದಿದ್ದ ಗಾಡಿಯ ಸಾಬರು.

“ನಾನೇ ಕೈ ತೆಗೆಯೋದು ತಡ ಮಾಡ್ದೆ, ಸಾಬ್ರೆ.”

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವನು ಚಕ್ರವನ್ನು ಹಲಗೆಗೆ ಬಿಗಿಸಿ, ಹಲಗೆಯ ಕೆಳಗೆ ಕೋಲು ಜೋಡಿಸಿ ನನ್ನ ಕಡೆ ತಿರುಗಿದ.

“ಅಣ್ಣ, ಕೂಗೋದು ನೀನೇ. ಕೈ ಹಿಂದೆ ಕಟ್ಕೊಂಡು ಕೂಗು.”

ಹಾಗೆಂದು, ಉಳಿದಿದ್ದ ಒಳ್ಳೆಯ ಕೈಯಿಂದ ಕೋಲು ಹಿಡಿದು ಮುಂದೆ ಬಗ್ಗಿದ. ಆ ಕೈ ಈಚೆ ಬಂದದ್ದನ್ನು ನೋಡಿಯೇ ನಾನು ಕೂಗಿದೆ. ಚಕ್ರ ಒಳಗೆ ಹೋಯಿತು, ಯಾರಿಗೂ ಒಂದು ತರಚು ಗಾಯವಿಲ್ಲ. ಸಾಬರು ನಿಜವಾಗಿಯೂ ತಾಳ ಹಾಕಿದರು.

ಅಂದಿನಿಂದ ನಮ್ಮ ಗುಂಪು ಆ ಕ್ರಮವನ್ನು ಬಿಡಲಿಲ್ಲ. ತಿಜೋರಿ, ಬೇಕರಿಯ ಒಲೆ, ಊರಿಗೆ ಮರಳುವ ಬಿಳಿ ದೊರೆಗಳ ಪಿಯಾನೋ, ಎಲ್ಲವೂ ತಮ್ಮನ ಕೋಲುಗಳ ಮೇಲೆ ಉರುಳಿದವು. ಗುಂಪಿನಲ್ಲಿ ಯಾರ ಬೆನ್ನೂ ಮುರಿಯಲಿಲ್ಲ. ಈ ವಯಸ್ಸಿನಲ್ಲೂ ನಾನು ನೆಟ್ಟಗೆ ನಡೆಯುತ್ತೇನೆ. ತಮ್ಮ ಹೋಗಿ ಕೆಲವು ವರ್ಷಗಳಾದವು. ಅವನು ಇರುವಾಗಲೇ ನಾಲ್ಕು ಜನರೆದುರು ನಿಜ ಹೇಳಬಹುದಿತ್ತು...

ನಿನ್ನೆ ಎದುರಿನ ಕಟ್ಟಡದವರು ಸರ್ವೆ ತುಂಡುಗಳ ಮೇಲೆ ಕಲ್ಲು ಚಪ್ಪಡಿ ಸಾಗಿಸುತ್ತಿದ್ದರು. ಮೇಸ್ತ್ರಿ ತಾನೇ ತಳ್ಳುತ್ತ, ತಾನೇ ಕೂಗುತ್ತಿದ್ದ. ನಾನು ರಸ್ತೆ ದಾಟಿದೆ.

“ಮೇಸ್ತ್ರಿ, ತಳ್ಳಿ, ಇಲ್ಲಾ ಕೂಗಿ. ಎರಡೂ ಒಟ್ಟಿಗೆ ಬೇಡ.”

“ಯಾಕೆ ತಾತ?”

“ಎರಡೂ ಮಾಡೋಕೆ ಹೋಗಿ ನನ್ನ ತಮ್ಮನ ಬೆರಳು ಕಳೆದವನು ನಾನು.”

ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು. ಅವನು ನನ್ನನ್ನೇ ನೋಡಿದ. “ಹಂಗಾದ್ರೆ ನೀವೇ ಕೂಗಿ ತಾತ,” ಎಂದ.

ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತೆ. ಮುಂದೆ ಕೋಲಿಡುತ್ತಿದ್ದ ಹೆಂಗಸಿನ ಬಳೆಗೈ ಈಚೆ ಬಂತು. ಕೂಗಿದೆ. ಕಲ್ಲು ಸಲೀಸಾಗಿ ಮುಂದೆ ಸರಿಯಿತು. ನೋಡಲು ತಮ್ಮ ಇರಲಿಲ್ಲ.