ಒಂದು ಗೇಣು ಹೆಚ್ಚಿನ ರೆಕ್ಕೆ

ಕಡಲಾಚೆಯ ಈ ವುಡ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟು ಬ್ಲಾಕಿನಲ್ಲಿ ಬದರೀನಾಥರ ಜೊತೆ ಲಿಫ್ಟ್ ಹತ್ತಲು ಎಲ್ಲರೂ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಮನುಷ್ಯ ಒಳ್ಳೆಯವರೇ. ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಕಂಪನಿ ಬಸ್ಸಿಳಿದು ಬರುವಾಗ ಯಾರ ಕೈಯಲ್ಲಿ ಭಾರದ ಚೀಲ ಕಂಡರೂ ತಾವೇ ಇಸಿದುಕೊಂಡು ಹೊರುತ್ತಾರೆ. ಆದರೆ ಲಿಫ್ಟ್ ನಮ್ಮ ಮಹಡಿ ಮುಟ್ಟುವಷ್ಟರಲ್ಲಿ ಎರಡನೇ ಮಹಾಯುದ್ಧದ ಇಟಲಿಯ ಯುದ್ಧವಿಮಾನಗಳ ಬಗ್ಗೆ ನೀವು ಕೇಳದೇ ಇದ್ದ ಸಂಗತಿಯೊಂದು ನಿಮ್ಮ ತಲೆಗೆ ಸೇರಿರುತ್ತದೆ. ನಾನು ಜಲಜಾ, ಉಡುಪಿ ಕಡೆಯವಳು, ಅವರ ಎದುರುಮನೆ. ನನ್ನ ತಲೆಗೆ ಎಷ್ಟು ಸೇರಿರಬಹುದು ಎಂದು ನೀವೇ ಊಹಿಸಿ.

ಮರದಲ್ಲಿ ವಿಮಾನದ ಮಾದರಿ ಕೆತ್ತುವುದು ಅವರ ಹವ್ಯಾಸ. ಊರಿನವರೆಲ್ಲ ಬ್ರಿಟಿಷರ ಸ್ಪಿಟ್‌ಫೈರ್ ಮಾಡಿದರೆ ಇವರಿಗೆ ಇಟಲಿಯ ಮಾಕ್ಕಿ ಕಂಪನಿಯ ವಿಮಾನಗಳೇ ಆಗಬೇಕು. ಮೊದಲು ಬಂದದ್ದು ಸಾಯೆತ್ತಾ ಎಂಬ ವಿಮಾನ. ಅದಕ್ಕೆ ಗಾಜಿನ ಮುಚ್ಚಳ ಕೂರಿಸಿಕೊಟ್ಟರೆ ಪೈಲಟ್‌ಗಳು ಹಠ ಹಿಡಿದು ತೆಗೆಸಿದರಂತೆ. ಹೆಲ್ಮೆಟ್ ಬೇಡ ಅನ್ನುವ ನಮ್ಮೂರ ಗಂಡಸರ ಹಾಗೆ. ಅದರ ಎಂಜಿನ್‌ಗೆ ಶಕ್ತಿ ಸಾಲದೆ, ಜರ್ಮನಿಯ ಎಂಜಿನ್ ತಂದು, ಮೂತಿ ಚೂಪು ಮಾಡಿ, ಫೋಲ್ಗೋರೆ ಎಂಬ ಹೊಸ ವಿಮಾನ ಕಟ್ಟಿದರು. ಹಾಗೆಂದರೆ ಸಿಡಿಲು. ನಲವತ್ತೊಂದರಲ್ಲಿ ಅದು ಲಿಬಿಯಾದ ಮರಳುಗಾಡಿನ ಮೇಲೆ ಹಾರಿದಾಗ ಬ್ರಿಟಿಷರ ಹರಿಕೇನ್ ವಿಮಾನಗಳು ಹಿಂದೆ ಬಿದ್ದವು. ಇಷ್ಟಾದರೂ ಅದರಲ್ಲಿದ್ದ ಬಂದೂಕುಗಳು ಕಮ್ಮಿ, ರೇಡಿಯೋ ಕೈಕೊಡುತ್ತಿತ್ತು, ಕಟ್ಟಿದ ವಿಮಾನಗಳೂ ಕಮ್ಮಿ.

"ಅವ್ರು ಹಿಟ್ಲರ್ ಕಡೆಯೋರಲ್ವಾ ಅಂಕಲ್?" ಎಂದು ಒಮ್ಮೆ ಬ್ಲಾಕಿನ ಕೆಳಗಿನ ಬಯಲು ಜಾಗ, ವಾಯ್ಡ್ ಡೆಕ್‌ನಲ್ಲಿ ಕೇಳಿದ್ದೆ.

"ಕಡೆ ಕೆಟ್ಟದ್ದೇ, ಜಲಜಾ. ಅದ್ರಲ್ಲಿ ಡೌಟೇ ಇಲ್ಲ. ಆದ್ರೆ ಕೈಕೆಲಸ ನೋಡು," ಎಂದು ಬದರೀನಾಥರು ಫೋನಿನಲ್ಲಿ ಫೋಲ್ಗೋರೆಯ ಚಿತ್ರ ತೋರಿಸಿದರು. "ಎಡಗಡೆ ರೆಕ್ಕೆ ಬಲಗಡೇದಕ್ಕಿಂತ ಒಂದು ಗೇಣು ಉದ್ದ. ಪ್ರೊಪೆಲರ್ ತಿರುಗೋ ರಭಸಕ್ಕೆ ವಿಮಾನ ಎಡಕ್ಕೆ ವಾಲತ್ತೆ. ಅದಕ್ಕೇ ಎಡಗಡೆ ಜಾಸ್ತಿ ಕೊಟ್ರು, ಗಾಳಿ ಎತ್ತಿ ಹಿಡೀಲಿ ಅಂತ. ಓರೆ ಮಾಡಿದ್ರಿಂದ್ಲೇ ನೇರ ಹಾರತ್ತೆ."

ಈ ರೆಕ್ಕೆಯ ಕಥೆ ಕೇಳದ ಪ್ರಾಣಿ ನಮ್ಮ ಬ್ಲಾಕಿನಲ್ಲಿ ಒಂದೇ, ಅವರ ಹೆಂಡತಿ ಸತ್ಯವತಿ. ಗಂಡ "ಮಾಕ್ಕಿ" ಅನ್ನುತ್ತಿದ್ದ ಹಾಗೆ ಆಕೆ ಮಿಕ್ಸಿ ಹಾಕುತ್ತಾರೆ. ಎಷ್ಟೋ ಸಲ ಆ ಮನೆಯಲ್ಲಿ ತಿನ್ನುವವರಿಲ್ಲದಿದ್ದರೂ ಚಟ್ನಿ ತಯಾರಾಗಿದೆ.

ಅವರಿಬ್ಬರ ನಡುವೆ ಇದ್ದದ್ದು ಒಂದೇ ಜಗಳ, ಬಾಂಬ್ ಶೆಲ್ಟರ್‌ದು. ನಮ್ಮ ಫ್ಲ್ಯಾಟುಗಳಲ್ಲಿ ಮನೆಗೊಂದರಂತೆ ದಪ್ಪ ಗೋಡೆ, ಉಕ್ಕಿನ ಬಾಗಿಲಿನ ಪುಟ್ಟ ಕೋಣೆ ಇರುತ್ತದೆ. ಯುದ್ಧ ಬರುವ ತನಕ ಅಲ್ಲಿ ಅಕ್ಕಿಮೂಟೆ, ಸೂಟ್‌ಕೇಸ್. ಬದರೀನಾಥರ ಶೆಲ್ಟರಿನ ತುಂಬ ಮಾತ್ರ ನಿಜಕ್ಕೂ ಯುದ್ಧವಿಮಾನಗಳು. ಸತ್ಯವತಿಯ ದಸರಾ ಗೊಂಬೆಗಳ ಟ್ರಂಕು ಹಾಲ್‌ನ ಊಟದ ಮೇಜಿನ ಕೆಳಗೆ, ಬಂದವರ ಮೊಣಕಾಲಿಗೆ ತಾಗುತ್ತ ಕೂತಿತ್ತು. ಮೈಸೂರಿನಿಂದ ಅತ್ತೆ ಕೊಟ್ಟು ಕಳಿಸಿದ ಪಟ್ಟದ ಗೊಂಬೆಗಳು ಅವು. ಪ್ರತಿ ವರ್ಷ ನವರಾತ್ರಿಗೆ ಮೊದಲು ಅವನ್ನು ಹೊರತೆಗೆದು, ಉಪ್ಪುಕಾಗದದಿಂದ ಉಜ್ಜಿ, ರಾಜನ ಮೀಸೆ ರಾಣಿಯ ಸೆರಗಿಗೆ ಹೊಸ ಬಣ್ಣ ಕೊಟ್ಟು, ಎಡ ಬಲ ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ಜೋಡಿಸುವುದರಲ್ಲಿ ಆಕೆಯದು ಎತ್ತಿದ ಕೈ.

ಈ ವರ್ಷ ಒಪ್ಪಂದವಾಯಿತು. ಪಾಯಾ ಲೆಬಾರ್‌ನ ಒಂದು ಮಾಲ್‌ನಲ್ಲಿ ಮಾದರಿ ಕಟ್ಟುವವರ ಸ್ಪರ್ಧೆಯಿತ್ತು. ಫೋಲ್ಗೋರೆಗೆ ಬಹುಮಾನ ಬಂದರೆ ಶೆಲ್ಟರ್ ವಿಮಾನಗಳದ್ದು. ಬರದಿದ್ದರೆ ಅಷ್ಟೂ ವಿಮಾನ ಬೇರೆಯವರ ಮನೆಗೆ, ಶೆಲ್ಟರ್ ಗೊಂಬೆಗಳಿಗೆ. ಬದರೀನಾಥರು ಊಟ ತಿಂಡಿ ಮರೆತು ಕೆತ್ತಿದರು. ನನ್ನ ಮಗಳು ಯಶ್ಮಿತಾ ತಟ್ಟೆ ಹಿಡಿದು ಹೋಗಿ, ಇಲ್ಲಿನ ಮಕ್ಕಳ ಧಾಟಿಯಲ್ಲೇ, "ಅಂಕಲ್, ಫಸ್ಟ್ ತಿನ್ನಿ ಲಾ, ವಿಮಾನ ಎಲ್ಲೂ ಓಡಿ ಹೋಗಲ್ಲ," ಅಂದು ಬಂದಳು.

ಸ್ಪರ್ಧೆಯ ದಿನ ಬೆಳಿಗ್ಗೆ ನಾನೂ ಅವರಿಬ್ಬರ ಜೊತೆಗೆ ಹೊರಟಿದ್ದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ವಿಮಾನ ಇಡುತ್ತಿದ್ದ ಬದರೀನಾಥರ ಬೆರಳು ಎಡರೆಕ್ಕೆಯ ತುದಿಯಲ್ಲಿ ನಿಂತಿತು.

"ಸತ್ಯಾ, ಇದನ್ನ ಮುಟ್ಟಿದ್ಯಾ?"

ಸತ್ಯವತಿ ಮುಡಿಗೆ ಹೂ ಮುಡಿಯುತ್ತಿದ್ದರು. ಮುಖದಲ್ಲಿ ನಾಚಿಕೆ, ಹೆಮ್ಮೆ ಎರಡೂ ಇದ್ದವು. "ಒಂದು ಕಡೆ ಉದ್ದ ಆಗ್ಬಿಟ್ಟಿತ್ತು ರೀ. ಕನ್ನಡಕ ಬದಲಾಯಿಸಿ ಅಂತ ಎಷ್ಟು ಸಲ ಹೇಳಿದೀನಿ. ಅಷ್ಟು ಜನರ ಮುಂದೆ ಯಾರೂ ನಿಮ್ಮನ್ನ ನೋಡಿ ನಗಬಾರ್ದು ಅಂತ ನಿನ್ನೆ ಉಜ್ಜಿ ಸಮ ಮಾಡಿ ಬಣ್ಣ ಕೊಟ್ಟೆ. ಗೊತ್ತೇ ಆಗಲ್ಲ ಅಲ್ವಾ?"

ನನ್ನ ಬಾಯಿ ತೆರೆದೇ ಹೋಯಿತು. ಬದರೀನಾಥರು ನನ್ನತ್ತ ನೋಡಿ ಕಣ್ಣಲ್ಲೇ ಬೇಡ ಅಂದರು. ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಹಿಡಿದು ಆ ರೆಕ್ಕೆಯ ಬಗ್ಗೆ ಕೊರೆದ ಮನುಷ್ಯ, "ಗೊತ್ತೇ ಆಗಲ್ಲ, ಚೆನ್ನಾಗಿದೆ," ಎಂದು ಪೆಟ್ಟಿಗೆ ಮುಚ್ಚಿದರು. ಎಂಆರ್‌ಟಿ ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ದಾರಿಯುದ್ದಕ್ಕೂ ಹವಾಮಾನದ ಬಗ್ಗೆ ಮಾತಾಡಿದರು.

ತೀರ್ಪುಗಾರರು ಬಿಳಿಗೂದಲಿನ ಚೀನೀ ಅಂಕಲ್. ಬಗ್ಗಿ ನೋಡಿದರು, ಬಣ್ಣಕ್ಕೆ ತಲೆದೂಗಿದರು, ಕೊನೆಗೆ ಅಳತೆಪಟ್ಟಿ ಹಿಡಿದು ನಿಟ್ಟುಸಿರಿಟ್ಟರು. "ಕೆಲಸ ಬಹಳ ಸುಂದರ. ಆದರೆ ರೆಕ್ಕೆ ತಪ್ಪು," ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಹೌದು, ನನ್ನದೇ ತಪ್ಪು," ಅಂದರು ಬದರೀನಾಥ.

ಸತ್ಯವತಿ ಬಿಡುತ್ತಾರೆಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ಎರಡೂ ರೆಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಇವೆ, ಬೇಕಾದರೆ ಇನ್ನೊಮ್ಮೆ ಅಳೆಯಿರಿ ಎಂದು ವಾದಕ್ಕೇ ನಿಂತರು. ಸಮ ಇರುವುದೇ ತಪ್ಪು ಮೇಡಂ ಎಂದು ಆ ಅಂಕಲ್ ಪ್ರೊಪೆಲರ್‌ನಿಂದ ಹಿಡಿದು ಗಾಳಿಯ ತನಕ ಬಿಡಿಸಿ ಹೇಳಿದರು. ಅಲ್ಲಿ ಮಿಕ್ಸಿ ಇರಲಿಲ್ಲ.

ಸತ್ಯವತಿಯ ಮುಖ ಬಾಡಿತು. ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ರೀ, ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ," ಅಂದರು ಅವರು. ಅಷ್ಟೇ ಮೆಲ್ಲಗೆ.

ಬಹುಮಾನ ಒಂದು ಸ್ಪಿಟ್‌ಫೈರ್‌ಗೆ ಹೋಯಿತು. ಮನೆಗೆ ಬಂದವರೇ ಬದರೀನಾಥರು ಮಾತಿಗೆ ತಪ್ಪದೆ ರಟ್ಟಿನ ಡಬ್ಬಗಳನ್ನು ತಂದು ವಿಮಾನಗಳನ್ನು ಹಳೇ ಪಂಚೆಯಲ್ಲಿ ಸುತ್ತತೊಡಗಿದರು. ನೋಡಲಾರದೆ ನಾನು ನಮ್ಮ ಮನೆ ಬಾಗಿಲು ಹಾಕಿಕೊಂಡೆ. ಅದಾದಮೇಲೆ ಲಿಫ್ಟಿನಲ್ಲಿ ಅವರು ಬರೀ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಆ ಕೊರೆತ ಬೇಕು ಅಂತ ನನಗೆ ಅನ್ನಿಸುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಗುತ್ತಿದ್ದೆ.

ನವರಾತ್ರಿ ಬಂತು. ಅರಿಶಿನ ಕುಂಕುಮಕ್ಕೆ ಹೋದರೆ ಆ ಮನೆ ತುಂಬ ಹೆಂಗಸರು. ಶೆಲ್ಟರಿನ ಬಾಗಿಲು ತೆರೆದಿತ್ತು. ಒಳಗೆ ವಿಮಾನಗಳೆಲ್ಲ ಡಬ್ಬಗಳಿಂದ ಹೊರಬಂದು ಮತ್ತೆ ಮೊದಲಿದ್ದಲ್ಲೇ ಕೂತಿದ್ದವು. ಟ್ರಂಕು ಮೇಜಿನ ಕೆಳಗೇ ಇತ್ತು, ನನ್ನ ಮೊಣಕಾಲಿಗೂ ತಾಗಿತು. ಗೊಂಬೆ ಕೂರಿಸಿದ ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ಅವರ ಪಕ್ಕದಲ್ಲಿ ಫೋಲ್ಗೋರೆ. ಅದರ ಎಡರೆಕ್ಕೆಯ ತುದಿಗೆ ಮರದ ಹೊಸ ತುಣುಕೊಂದನ್ನು ಅಂಟಿಸಲಾಗಿತ್ತು, ಗಮ್ಮಿನ ಗೆರೆ ಎದ್ದು ಕಾಣುತ್ತಿತ್ತು. ಸತ್ಯವತಿಯದೇ ಕೆಲಸ. ಅದಕ್ಕೆ ಬಣ್ಣ ಹಚ್ಚಲು ಬದರೀನಾಥರು ಬಿಡಲಿಲ್ಲವಂತೆ.

ಬಂದಿದ್ದ ಹೆಂಗಸರಲ್ಲಿ ಹಿರಿಯರಾದ ಶಕುಂತಲಾ ಆಂಟಿ ಬಗ್ಗಿ ನೋಡಿ, "ಸತ್ಯಾ, ಒಂದು ರೆಕ್ಕೆ ಉದ್ದ ಆಗಿದ್ಯಲ್ಲೇ," ಅಂದರು.

ಉಸಲಿಯ ಪಾತ್ರೆ ಹಿಡಿದಿದ್ದ ಸತ್ಯವತಿ ಅದನ್ನು ಕೆಳಗಿಟ್ಟರು. "ಉದ್ದಾನೇ ಇರ್ಬೇಕು ಆಂಟಿ. ಕೂತ್ಕೊಳ್ಳಿ, ಹೇಳ್ತೀನಿ. ಈ ಮಾಕ್ಕಿ ಕಂಪನಿಯೋರು..."

ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಗರ್ ಅಂದಿತು. ಬದರೀನಾಥರು ಚಟ್ನಿ ರುಬ್ಬುತ್ತಿದ್ದರು. ಅದು ನಿಲ್ಲುವ ತನಕ ಸತ್ಯವತಿ ಕಾದರು. ಆಮೇಲೆ ಮೊದಲಿನಿಂದ ಶುರು ಮಾಡಿದರು.