ಸೊನ್ನೆಯನ್ನು ನಂಬದ ಬಾಳೇಶ

ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯ ಬದಿಗೆ ಇದ್ದ ಆ ಸಕ್ಕರೆ ಕಾರ್ಖಾನೆಗೆ ಬಾಳೇಶ ಸುರಕ್ಷತಾ ಅಧಿಕಾರಿಯಾಗಿ ಸೇರಿದ್ದು 2009ರ ಜನವರಿಯಲ್ಲಿ, ಕಬ್ಬು ಅರೆಯುವ ಹಂಗಾಮು ಜೋರಾಗಿದ್ದಾಗ. ಗೇಟಿನ ಬಳಿ ಹಸಿರು ಬಣ್ಣದ ಫಲಕವೊಂದು ನಿಂತಿತ್ತು: ‘ಅಪಘಾತವಿಲ್ಲದ ದಿನಗಳು 611, ಈ ವರ್ಷದ ಅಪಘಾತಗಳು 0.’ ಎಲ್ಲರೂ ಅದನ್ನು ಹೆಮ್ಮೆಯಿಂದ ತೋರಿಸಿದರು. ಬಾಳೇಶ ಮಾತ್ರ ಅದನ್ನು ಎರಡು ಸಲ ಓದಿದ. ಆರುನೂರು ಜನ ದುಡಿಯುವ ಜಾಗ. ಕುದಿಯುವ ರಸ, ಉಗಿಯ ಕೊಳವೆಗಳು, ಹಗಲಿರುಳು ತಿರುಗುವ ಗಾಣ. ಇಷ್ಟು ದಿನದಲ್ಲಿ ಒಬ್ಬರ ಬೆರಳೂ ಜಜ್ಜಿಲ್ಲವೇ?

ಅವನ ಅನುಮಾನಕ್ಕೆ ಕಾರಣವಿತ್ತು. ಬಾಳೇಶ ಹುನ್ನೂರಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಏಳು ವರ್ಷ ಬೇರೊಂದು ಕಾರ್ಖಾನೆಯಲ್ಲಿ ಪಾನಾ ಹಿಡಿದು ದುಡಿದಿದ್ದ. ಅಲ್ಲಿ ಒಮ್ಮೆ ಸರಪಳಿ ಜಾರಿ ಕಬ್ಬಿಣದ ತುಂಡು ಕಾಲ ಮೇಲೆ ಬಿದ್ದು ಎರಡು ಬೆರಳು ಮುರಿದವು. ಆಸ್ಪತ್ರೆಗೆ ಕರೆದೊಯ್ದ ಸೂಪರ್‌ವೈಸರ್ ದಾರಿಯಲ್ಲೇ ಹೇಳಿಕೊಟ್ಟ: “ಸೈಕಲ್ ಮ್ಯಾಲಿಂದ ಬಿದ್ದೆ ಅಂತ ಹೇಳು.” ಬಾಳೇಶ ಹಾಗೆಯೇ ಹೇಳಿದ. ಆ ಸುಳ್ಳು ಮುರಿದ ಬೆರಳಿಗಿಂತ ಹೆಚ್ಚು ದಿನ ನೋಯಿಸಿತು. ಆಮೇಲೆ ಅವನು ಚೆನ್ನೈಗೆ ಹೋಗಿ ಒಂದು ವರ್ಷ ಔದ್ಯೋಗಿಕ ಸುರಕ್ಷತೆ ಓದಿಕೊಂಡು ಬಂದ.

ಅಂದಿನಿಂದ ಅವನಿಗೆ ಎಲ್ಲವನ್ನೂ ಎರಡು ಸಲ ನೋಡುವ ಚಟ ಹತ್ತಿತು. ಹೆಂಡತಿ ಸರಿತಾ ಗ್ಯಾಸ್ ಬಂದ್ ಮಾಡಿದ ಮೇಲೂ ಹೋಗಿ ಮುಟ್ಟಿ ನೋಡುತ್ತಿದ್ದ. “ನನ್ನ ಮ್ಯಾಲೂ ಅನುಮಾನ ಏನ್ರಿ?” ಎಂದು ಅವಳು ಸಿಡುಕುತ್ತಿದ್ದಳು. “ನಿನ್ನ ಮ್ಯಾಲಲ್ಲ, ಆ ವಾಲ್ವ್ ಮ್ಯಾಲ” ಎನ್ನುತ್ತಿದ್ದ.

ಹೊಸ ಕಾರ್ಖಾನೆಯಲ್ಲಿ ಅವನು ಮೊದಲು ಹೋದದ್ದು ಪ್ರಥಮ ಚಿಕಿತ್ಸೆಯ ಕೋಣೆಗೆ. ಅಲ್ಲಿಯ ನರ್ಸ್ ಸಿದ್ದಕ್ಕ ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಕಪಾಟಿನಲ್ಲಿ ಸುಟ್ಟ ಗಾಯದ ಮುಲಾಮಿನ ಖಾಲಿ ಕೊಳವೆಗಳು ರಾಶಿ ಬಿದ್ದಿದ್ದವು.

“ಅಪಘಾತ ಇಲ್ಲಂದ್ರ ಇಷ್ಟು ಮುಲಾಮು ಯಾರಿಗೆ ಹತ್ತೇತ್ರಿ, ಅಕ್ಕಾರ?”

ಸಿದ್ದಕ್ಕ ಕಿಟಕಿಯ ಕಡೆ ನೋಡಿದಳು. “ಮನ್ಯಾಗ ಸುಟ್ಕೊಂಡು ಬರ್ತಾರ್ರಿ.”

ಮರುದಿನ ರಸ ಕುದಿಸುವ ವಿಭಾಗದಲ್ಲಿ ಮುದಕಪ್ಪ ಎಂಬ ಹಿರಿಯ ಕೆಲಸಗಾರ ಮೊಳಕೈವರೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಏನಾಯಿತೆಂದು ಬಾಳೇಶ ಕೇಳಿದ.

“ರೊಟ್ಟಿ ಮಾಡೂ ಮುಂದ ಹಂಚು ತಾಗೇತ್ರಿ, ಸಾಹೇಬ್ರ.”

“ಕಾಕಾ, ನಿಮ್ಮ ಮನ್ಯಾಗ ರೊಟ್ಟಿ ನೀವ ಬಡೀತೀರಿ?”

ಸುತ್ತಲಿದ್ದವರು ನಗಲಿಲ್ಲ. ಮುದಕಪ್ಪ ಉಗಿಯ ಗೇಜಿನತ್ತ ತಿರುಗಿಕೊಂಡ. ಅಂದಿನಿಂದ ಬಾಳೇಶ ಎಲ್ಲಿ ಹೋದರೂ ಅಲ್ಲಿ ಮಾತು ನಿಲ್ಲತೊಡಗಿತು. ಅವನ ಕಿಸೆಯಲ್ಲಿದ್ದ ಸಣ್ಣ ನೋಟ್‌ಬುಕ್ಕನ್ನು ಜನ ಪೊಲೀಸನ ಲಾಠಿಯಂತೆ ನೋಡುತ್ತಿದ್ದರು. ಅವನು ಅವರನ್ನು ನಂಬಲಿಲ್ಲ, ಅವರು ಅವನನ್ನು ನಂಬಲಿಲ್ಲ. ಹಂಗಾಮು ಹಾಗೆಯೇ ಮುಗಿಯಿತು.

ಮೇ ತಿಂಗಳಲ್ಲಿ ದುರಸ್ತಿಯ ಕೆಲಸ ಶುರುವಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ತುಂಬುವ ದೊಡ್ಡ ಟಾಕಿಗಳನ್ನು ಖಾಲಿ ಮಾಡಿ, ಜನ ಒಳಗಿಳಿದು ತಳದ ರಾಡಿ ಬಳಿಯಬೇಕು. ಬಿಸಿಲಿಗೆ ಆ ರಾಡಿ ಹುಳಿತು ಗಾಳಿ ಕೆಡುತ್ತದೆ. ಒಳಗೆ ಇಳಿದವನಿಗೆ ಉಸಿರು ಸಿಗದಿದ್ದರೆ ಕೂಗುವುದಕ್ಕೂ ವೇಳೆ ಇರುವುದಿಲ್ಲ. ಅದಕ್ಕೇ ಇಳಿಯುವ ಮುಂಚೆ ಮೀಟರಿನಿಂದ ಗಾಳಿ ಪರೀಕ್ಷಿಸಿ, ಆಮ್ಲಜನಕ ಎಷ್ಟಿದೆಯೆಂದು ಪರವಾನಗಿ ಚೀಟಿಯಲ್ಲಿ ಬರೆದು, ಎಂಜಿನಿಯರ್ ಸಹಿ ಹಾಕಬೇಕು; ಕಾಕಂಬಿ ಟಾಕಿಯಾದರೆ ಸುರಕ್ಷತಾ ಅಧಿಕಾರಿಯ ಸಹಿಯೂ ಬೇಕು.

ಎರಡು ವಾರ ಬೇರೆ ಬೇರೆ ಟಾಕಿಗಳ ಕೆಲಸ ನಡೆಯಿತು. ಜೂನ್ ಮೊದಲ ವಾರ ಬಾಳೇಶ ಹಳೆಯ ಚೀಟಿಗಳನ್ನು ಸುಮ್ಮನೆ ತಿರುವುತ್ತ ಕುಳಿತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲ ಚೀಟಿಯಲ್ಲೂ ಆಮ್ಲಜನಕ ಶೇಕಡಾ 20.9, ಬಯಲಿನ ಗಾಳಿಯಲ್ಲಿರುವಷ್ಟೇ. ಬೆಳಿಗ್ಗೆಯೂ ಅದೇ, ಮಧ್ಯಾಹ್ನವೂ ಅದೇ, ಖಾಲಿ ನೀರಿನ ಟಾಕಿಯಲ್ಲೂ ಅದೇ, ಕಾಕಂಬಿ ಟಾಕಿಯಲ್ಲೂ ಅದೇ. ಕೆಳಗೆ ಎಂಜಿನಿಯರ್ ಚಿದಾನಂದನ ಸಹಿ. ಮೀಟರ್ ಹಿಡಿಯದೆಯೇ ಬರೆಯುತ್ತಾನೆ, ಎಂದುಕೊಂಡ ಬಾಳೇಶ. ಅವನಿಗೆ ಚಿದಾನಂದನ ಮೇಲೆ ಮೊದಲಿನಿಂದಲೂ ಗುಮಾನಿ. ಸದಾ ಅವಸರದ ಮನುಷ್ಯ, ಸುರಕ್ಷತೆ ಎಂದರೆ ಕೈಗಡಿಯಾರ ನೋಡಿಕೊಳ್ಳುವವನು.

ಅಷ್ಟರಲ್ಲೇ ಮೂರನೆಯ ಕಾಕಂಬಿ ಟಾಕಿಯ ಬಳಿ ಜನ ಸೇರಿದ್ದು ಕಂಡಿತು. ಬಾಳೇಶ ಓಡಿದ. ಮುದಕಪ್ಪ ಮತ್ತು ಇನ್ನೊಬ್ಬ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಟಾಕಿಯ ಬಾಯಿಯ ಹತ್ತಿರ ತಯಾರಾಗಿದ್ದರು.

“ಗಾಳಿ ನೋಡೀರೇನ್ರಿ?”

“ನೋಡೇನ್ರಿ. ಇಪ್ಪತ್ತು ಪಾಯಿಂಟ್ ಒಂಬತ್ತು,” ಎಂದು ಚಿದಾನಂದ ಚೀಟಿ ಚಾಚಿದ. “ಸಹಿ ಮಾಡ್ರಿ, ಹೊತ್ತಾತು.”

“ನನ್ನ ಕಣ್ಮುಂದ ಇನ್ನೊಮ್ಮೆ ನೋಡ್ರಿ.”

ಚಿದಾನಂದ ಮುಖ ಗಂಟಿಕ್ಕಿ ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ಎಳೆದ. 20.9. ಅವನು ಸುಳ್ಳು ಬರೆದಿರಲಿಲ್ಲ. ಆದರೂ ಬಾಳೇಶನ ಮನಸ್ಸು ಒಪ್ಪಲಿಲ್ಲ. ಮೀಟರನ್ನು ಕೈಗೆ ತೆಗೆದುಕೊಂಡು, ಬಾಯಿಯ ಹತ್ತಿರ ಹಿಡಿದು ಉದ್ದಕ್ಕೆ ಉಸಿರು ಬಿಟ್ಟ. ಮನುಷ್ಯ ಬಿಟ್ಟ ಉಸಿರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ; ಮೀಟರ್ ಜೀವಂತವಿದ್ದರೆ ಅಂಕಿ ಇಳಿಯಲೇಬೇಕು. ಇಳಿಯಲಿಲ್ಲ. ಇನ್ನೊಮ್ಮೆ ಊದಿದ. 20.9.

“ಇದು ಸತ್ತೈತಿ,” ಎಂದ ಬಾಳೇಶ. “ಕಾಕಾ, ಹಗ್ಗ ಬಿಚ್ರಿ. ಯಾರೂ ಇಳೀಬ್ಯಾಡ್ರಿ.”

ಲೋಕಾಪುರದ ಕಡೆಯ ಬೇರೊಂದು ಕಾರ್ಖಾನೆಯಲ್ಲಿದ್ದ ಪರಿಚಯದವರಿಗೆ ಫೋನ್ ಮಾಡಿ, ಮೋಟಾರ್ ಸೈಕಲ್ ಮೇಲೆ ಹೋಗಿ ಮೀಟರ್ ಕೇಳಿ ತಂದ. ಎರಡು ತಾಸು ಎಲ್ಲರೂ ನೆರಳಲ್ಲಿ ಕಾದರು. ತಂದ ಮೀಟರನ್ನು ಟಾಕಿಯೊಳಗೆ ಇಳಿಬಿಟ್ಟಾಗ ಅರ್ಧ ಆಳಕ್ಕೇ ಅದು ಕಿರುಚತೊಡಗಿತು. ಮೇಲೆಳೆದು ನೋಡಿದರೆ ಅದು ಹಿಡಿದಿಟ್ಟುಕೊಂಡಿದ್ದ ತಳದ ಗಾಳಿಯ ಅಂಕಿ 11, ಮನುಷ್ಯ ಎಚ್ಚರ ತಪ್ಪಿ ಬೀಳುವಷ್ಟು ಕಡಿಮೆ. ಮುದಕಪ್ಪ ಬಿಚ್ಚಿದ ಹಗ್ಗವನ್ನು ಸುತ್ತಿ ಟಾಕಿಯಿಂದ ದೂರ ಒಯ್ದಿಟ್ಟ. ಚಿದಾನಂದ ಹಳೆಯ ಮೀಟರನ್ನು ಕೈಯಲ್ಲಿ ತಿರುಗಿಸಿ ನೋಡಿದ.

“ನನಗ ಗೊತ್ತಿರ್ಲಿಲ್ಲರಿ,” ಎಂದ. “ಹೊರಗೂ ಅದನ್ನ ತೋರಸ್ತಿತ್ತು, ಒಳಗೂ ಅದನ್ನ ತೋರಸ್ತಿತ್ತು. ಛಲೋ ಐತಿ ಅಂತ ತಿಳಕೊಂಡಿದ್ದೆ.”

ಬಾಳೇಶನಿಗೆ ನಂಬಿಕೆ ಬರಲಿಲ್ಲ. ಚೀಟಿಗಳ ಕಟ್ಟನ್ನು ಕಚೇರಿಗೆ ಒಯ್ದು, ಚಿದಾನಂದನ ಸಹಿ ಇರುವ ಒಂದೊಂದನ್ನೇ ಬೇರೆ ಇಡತೊಡಗಿದ. ಜನರಲ್ ಮ್ಯಾನೇಜರ್ ಮುಂದೆ ಅವನ್ನು ಹರಡುವ ಹಟ. ಹಾಗೆ ಇಡುತ್ತಿದ್ದಾಗ ಕೈ ನಿಂತಿತು. ಕಾಕಂಬಿ ಟಾಕಿಯ ಮೂರು ಚೀಟಿಗಳಲ್ಲಿ ಚಿದಾನಂದನ ಸಹಿಯ ಪಕ್ಕದಲ್ಲಿ ಅವನದೇ ಸಹಿ ಇತ್ತು. ಆ ಮೂರೂ ದಿನ ಅವನು ಟಾಕಿಯ ಹತ್ತಿರ ಹೋಗಿರಲಿಲ್ಲ. ಕಚೇರಿಗೆ ತಂದುಕೊಟ್ಟ ಚೀಟಿಗೆ, ಅಂಕಿ ನೋಡಿ, ಕುಳಿತಲ್ಲೇ ಸಹಿ ಹಾಕಿದ್ದ. ಐದು ತಿಂಗಳಿಂದ ಊರನ್ನೆಲ್ಲ ಶಂಕಿಸುತ್ತಿದ್ದವನು ತನ್ನ ಕೈಯನ್ನು ಮಾತ್ರ ಶಂಕಿಸಿರಲಿಲ್ಲ.

ಆ ಮೂರು ಚೀಟಿಗಳನ್ನು ಮೇಲಿಟ್ಟುಕೊಂಡು ಅವನು ಜನರಲ್ ಮ್ಯಾನೇಜರ್ ಅಣ್ಣಾಸಾಹೇಬರ ಮುಂದೆ ನಿಂತ. ಚಿದಾನಂದನೂ ಅಲ್ಲಿದ್ದ.

“ಯಾರ ಮ್ಯಾಲೆ ದೂರು ತಂದೀಯೋ?” ಎಂದರು ಅಣ್ಣಾಸಾಹೇಬ.

“ಮದಲ ನನ್ನ ಮ್ಯಾಲೆ ಬರಕೊಳ್ರಿ. ಮೀಟರ್ ಪರೀಕ್ಷೆ ಮಾಡೂದು ನನ್ನ ಕೆಲಸ. ನಾ ಮಾಡಿಲ್ಲ.”

ಚಿದಾನಂದ ಬೆರಗಾಗಿ ನೋಡಿದ. ಅಣ್ಣಾಸಾಹೇಬರಿಗೂ ಇದರಲ್ಲೇನೋ ಹಿಕ್ಮತ್ತು ಇರಬೇಕೆಂಬ ಸಂಶಯ. ವಾರದೊಳಗೆ ಬಾಳೇಶನಿಗೆ ಎಚ್ಚರಿಕೆಯ ಪತ್ರ ಬಂತು. ಅವನು ಅದನ್ನು ಮಡಚಿಡದೆ ಕಚೇರಿಯ ಗೋಡೆಗೆ ಅಂಟಿಸಿದ.

ಗೋಡೆಯ ಪತ್ರದ ಸುದ್ದಿ ಕಾರ್ಖಾನೆಯಲ್ಲಿ ಹರಡಿತು. ಒಂದು ಮಧ್ಯಾಹ್ನ ಮುದಕಪ್ಪ ಬಂದು ಅದನ್ನು ಯಾರಿಂದಲೋ ಓದಿಸಿಕೊಂಡ. ನಂತರ ಸುಟ್ಟ ಕಲೆಯಿದ್ದ ತೋಳು ಮುಂದೆ ಚಾಚಿದ.

“ಇದು ಹಂಚಲ್ಲರಿ, ಉಗಿ. ಪೈಪಿನ ಜೋಡು ಸೋರತೈತಿ. ನೂರು ದಿನ ಅಪಘಾತ ಇಲ್ಲಂದ್ರ ವಿಭಾಗದಾಗಿನ ಎಲ್ಲಾರಿಗೂ ಸ್ಟೀಲ್ ಡಬ್ಬಿ, ಸೀ ತಿಂಡಿ ಕೊಡ್ತಾರ. ನಾ ಒಬ್ಬಾವ ಹೇಳಿದ್ರ ಎಲ್ಲಾರಿಗೂ ತಪ್ಪತೈತಿ. ಅವರ ಮುಂದ ನಾ ಹೆಂಗ ಮಾರಿ ತೋರಸ್ಲಿ?”

ಸುಳ್ಳು ಎಲ್ಲಿಂದ ಹುಟ್ಟುತ್ತದೆಂದು ಬಾಳೇಶನಿಗೆ ಆಗ ತಿಳಿಯಿತು. ಬಹುಮಾನ ನಿಲ್ಲಿಸಬೇಕೆಂದು ಕೇಳಿದಾಗ ಅಣ್ಣಾಸಾಹೇಬ ಸಿಟ್ಟಾದರು. ಎರಡು ತಿಂಗಳು ಒಪ್ಪಲಿಲ್ಲ. ಕೊನೆಗೆ ಒಪ್ಪಿಸಿದವನು ಚಿದಾನಂದ. ಮುಂದಿನ ಹಂಗಾಮಿನಲ್ಲಿ ಮೂವತ್ತೆಂಟು ಸಣ್ಣಪುಟ್ಟ ಗಾಯಗಳು ಬರಹಕ್ಕೆ ಬಂದವು. “ನೀ ಬಂದ ಮ್ಯಾಲೆ ಕಾರ್ಖಾನಿ ಕೆಟ್ಟೈತಿ” ಎಂದು ಅಣ್ಣಾಸಾಹೇಬ ಗೊಣಗಿದರು. ಆದರೆ ಸೋರುವ ಜೋಡುಗಳು ಒಂದೊಂದಾಗಿ ಬದಲಾದವು.

2012ರಲ್ಲಿ ಬಾಳೇಶ ಇನ್ನೊಂದು ಕೆಲಸ ಶುರುಮಾಡಿದ. ಸುತ್ತಲಿನ ಕಾರ್ಖಾನೆಗಳಲ್ಲಿ ತನ್ನಂಥ ಕೆಲಸ ಮಾಡುವವರನ್ನು ಮೂರು ತಿಂಗಳಿಗೊಮ್ಮೆ ಮುಧೋಳದಲ್ಲಿ ಒಂದು ರವಿವಾರ ಸೇರಿಸಿದ. ನಿಯಮ ಒಂದೇ: ಪ್ರತಿಯೊಬ್ಬರೂ ತಾವು ಮಾಡಿದ ಒಂದು ತಪ್ಪು ಹೇಳಬೇಕು. ಮೊದಲ ಸಭೆಗೆ ಏಳು ಜನ ಬಂದರು. ಬಾಳೇಶ ತನ್ನದನ್ನು ಹೇಳಿ ಮುಗಿಸಿದ. ಈ ಮಾತು ಎಲ್ಲಿಗೆ ಹೋಗುತ್ತದೋ ಎಂದು ಉಳಿದವರು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿದರು. ಒಬ್ಬರು ಎದ್ದು ಹೊರಗೇ ಹೋದರು.

ಚಹಾ ಆರಿದ ಮೇಲೆ ಬನಹಟ್ಟಿಯ ನೂಲಿಗೆ ಬಣ್ಣ ಹಾಕುವ ಘಟಕದಿಂದ ಬಂದಿದ್ದ ಮನೀಷಾ ಎಂಬ ಹೆಣ್ಣುಮಗಳು ಲೋಟ ಕೆಳಗಿಟ್ಟಳು.

“ಇದು ಈ ಕ್ವಾಣಿ ದಾಟಿ ಹೋಗಬಾರದ್ರಿ,” ಎಂದಳು.

“ಹೋಗೂದಿಲ್ಲವ್ವಾ,” ಎಂದ ಬಾಳೇಶ.

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಬಣ್ಣದ ಡ್ರಮ್ಮಿನ ಮೇಲಿನ ಎಚ್ಚರಿಕೆಯ ಚೀಟಿಯನ್ನು ತಾನು ಓದದೆಯೇ ಆ ಡ್ರಮ್ಮನ್ನು ಹೆಣ್ಣಾಳುಗಳ ಕೈಗೆ ಕೊಟ್ಟ ದಿನದ ಕತೆ ಹೇಳತೊಡಗಿದಳು.