ಹಿಂದಿನ ಸೀಟಿನ ಗಾಳಿ

ನಾನು ಆನವಟ್ಟಿಯಲ್ಲಿ ಟೈಲರ್. ಹೆಂಡತಿಯ ಕಿಡ್ನಿ ಕೆಟ್ಟಾಗ ಸೊರಬದ ಡಾಕ್ಟರು ಡಯಾಲಿಸಿಸ್‌ಗೆಂದು ಶಿಕಾರಿಪುರಕ್ಕೆ ಬರೆದುಕೊಟ್ಟರು. ವಾರಕ್ಕೆ ಎರಡು ಸಲ ಹೋಗಬೇಕು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಷ್ಟು ಹೊತ್ತು ನಿಲ್ಲುವ ಶಕ್ತಿಯೂ ಇರಲಿಲ್ಲ. ಹಾಗಾಗಿ ಸುಮಾರು ಎರಡು ವರ್ಷ ನನ್ನ ಬೈಕಿನ ಹಿಂದೆಯೇ ಕೂತು ಹೋಗಿ ಬಂದಳು.

ಹೋಗುವಾಗ ಮಾತಾಡುತ್ತಿದ್ದಳು. ಯಾರ ಹೊಲದಲ್ಲಿ ಜೋಳ ಎಷ್ಟು ಎತ್ತರ ಬಂದಿದೆ, ಯಾರ ಮನೆಗೆ ಹೊಸ ಬಣ್ಣ ಬಿದ್ದಿದೆ, ಎಲ್ಲ ಅವಳ ಲೆಕ್ಕದಲ್ಲಿರುತ್ತಿತ್ತು. ಬರುವಾಗ ಮಾತಿಲ್ಲ. ಮೆಷಿನ್ನಿನಿಂದ ಬಿಡಿಸಿದ ಮೇಲೆ ಅವಳಿಗೆ ಚಳಿ ಹತ್ತುತ್ತಿತ್ತು. ನಡು ಬೇಸಿಗೆಯ ಮಧ್ಯಾಹ್ನ, ಡಾಂಬರು ಕಾದು ಮೆತ್ತಗಾಗಿರುವ ಹೊತ್ತಿನಲ್ಲೂ ಸ್ವೆಟರ್ ಹಾಕಿ, ಮೇಲೆ ಶಾಲು ಹೊದ್ದು, ಬಲಗಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದಳು. ಸೀರೆ ಉಟ್ಟವಳು, ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು ಅಡ್ಡ ಕೂರುವುದು ರೂಢಿ. ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ಚೂಡಿದಾರ ಹೊಲಿದುಕೊಟ್ಟ ನನಗೆ, ಇವಳಿಗೊಂದು ಹೊಲಿದರೆ ಕಾಲು ಎರಡೂ ಕಡೆ ಹಾಕಿ ನನ್ನ ಬೆನ್ನಿನ ಮರೆಗೆ ಕೂರಬಹುದು ಅಂತ ಒಂದು ದಿನವೂ ಹೊಳೆಯಲಿಲ್ಲ.

ಒಂದು ದಿನ ನರ್ಸಮ್ಮ, "ಇವರನ್ನ ಗಾಳೀಲಿ ಹಿಂಗೆ ಕರ್ಕೊಂಡು ಹೋಗ್ಬ್ಯಾಡ್ರಿ" ಅಂದರು. ಅವತ್ತೇ ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಮೆಕ್ಯಾನಿಕ್‌ನ ಹತ್ತಿರ ಹ್ಯಾಂಡಲ್ಲಿನ ಮುಂದೆ ವಿಂಡ್‌ಶೀಲ್ಡ್ ಹಾಕಿಸಿದೆ. ಅಲ್ಲಿ ಎಲ್ಲರೂ ಅದನ್ನು ಗ್ಲಾಸ್ ಅನ್ನುತ್ತಾರೆ. ಗಟ್ಟಿ ಪ್ಲಾಸ್ಟಿಕ್ಕು. ನನ್ನ ಗದ್ದದವರೆಗೆ ಬರುವಷ್ಟು ಎತ್ತರದ್ದನ್ನೇ ಆರಿಸಿಕೊಂಡೆ. ಊರಿನಲ್ಲಿ ನನ್ನ ಅಂಗಡಿ ಮುಂದೆ ನಿಂತವರೊಬ್ಬರು, "ಏನ್ರೀ ಮಾಸ್ಟ್ರೇ, ಬಸ್ ಡ್ರೈವರ್ ಆಗ್ಬಿಟ್ರಿ" ಅಂತ ನಕ್ಕರು.

ಮುಂದಿನ ಸಲ ಬರುವಾಗ ಮನೆ ಮುಟ್ಟಿ ಇಳಿದವಳು ತಾನಾಗೇ ಹೇಳಿದಳು, "ಇವತ್ತು ಕಿವಿ ನೋಯ್ಲಿಲ್ರೀ." ಹತ್ತಿ ಇಟ್ಟುಕೊಳ್ಳುವುದನ್ನೂ ಬಿಟ್ಟಳು. ನನಗೂ ಸುಖವಾಗಿತ್ತು. ಎದೆಗೆ ಗಾಳಿ ಗುದ್ದುತ್ತಿರಲಿಲ್ಲ. ಮೊದಲು ಊರು ಸೇರುವ ಹೊತ್ತಿಗೆ ಭುಜ ಸೆಟೆದು ಸಂಜೆ ಹೊಲಿಗೆ ಮೆಷಿನ್ ತುಳಿಯಲು ಬೇಸರವಾಗುತ್ತಿತ್ತು. ಅದು ನಿಂತಿತು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನಗೆ ಮೈಲೇಜ್ ನೋಡುವ ಚಟ. ಟ್ಯಾಂಕು ಬಾಯಿವರೆಗೆ ತುಂಬಿಸಿ, ಮೀಟರಿನ ಅಂಕಿಯನ್ನು ಸೀಮೆಸುಣ್ಣದಲ್ಲಿ ಅಂಗಡಿಯ ಬಾಗಿಲ ಹಿಂದೆ ಗೀಚಿ, ಮತ್ತೆ ಅಷ್ಟೇ ತುಂಬಿಸಿ ಭಾಗಿಸಿ ನೋಡುವವನು ನಾನು. ಐವತ್ತೆಂಟು ಕೊಡುತ್ತಿದ್ದ ಗಾಡಿ ಐವತ್ಮೂರಕ್ಕೆ ಇಳಿದಿತ್ತು. ಪ್ಲಗ್ ಬದಲಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ, ಟೈರಿಗೆ ಗಾಳಿ ಹೊಡೆಸಿದೆ. ಐವತ್ಮೂರೇ.

ಮೆಕ್ಯಾನಿಕ್ ನಕ್ಕ. "ಅಷ್ಟು ಅಗಲದ ಹಲಗಿ ಮುಂದ ಇಟ್ಕೊಂಡು ಗಾಳೀಗೆ ನುಗ್ತೀರಿ. ಅದನ್ನ ಇಂಜಿನ್ನೇ ತಳ್ಬೇಕಲ್ರೀ ಮಾಸ್ಟ್ರೇ. ಪೆಟ್ರೋಲ್ ಕುಡಿಯೋದು ಗಾಡಿ, ಹೊಟ್ಟಿ ಉರಿಯೋದು ನಿಮ್ದು!"

"ಏನಾದ್ರೂ ಮಾಡಕ್ಕೆ ಬರುತ್ತಾ?"

"ಬಿಚ್ಚಿ ಒಗೀರಿ. ಇಲ್ಲಾಂದ್ರ ಒಂದ್ನಾಲ್ಕು ಬೆರಳಷ್ಟು ಕೊಯ್ದು ಹಿಂದಕ್ಕ ಮಲಗ್ಸಿ ಕೊಡ್ತೀನಿ. ಗಾಳಿ ಮ್ಯಾಲೆ ಜಾರ್ಕೊಂಡು ಹೋಗ್ತೈತಿ."

ಕೊಯ್ಯಿಸಿದೆ. ಗರಗಸಕ್ಕೆ ಗೆರೆ ಹಾಕಿಕೊಟ್ಟವನೂ ನಾನೇ, ಜೇಬಿನಲ್ಲಿದ್ದ ಟೇಪಿನಿಂದ ಅಳೆದು. ಅವನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಓಡಿಸಿಯೂ ನೋಡಿದೆ. "ಹಿಂದ ಗಾಳೀನೇ ಇಲ್ರೀ, ನಿದ್ದಿ ಬರ್ತೈತಿ" ಅಂದ. ಸುಳ್ಳು ಹೇಳಲಿಲ್ಲ. ಗಂಡಸು, ಎರಡೂ ಕಡೆ ಕಾಲು ಹಾಕಿ ನನ್ನ ಬೆನ್ನಿಗೆ ಎದೆ ಕೊಟ್ಟು ಬಗ್ಗಿ ಕೂತಿದ್ದ. ನನ್ನ ಹೆಂಡತಿ ಹಾಗೆ ಕೂರುವವಳಲ್ಲ. ಮೈ ಅಳತೆ ತೆಗೆದುಕೊಂಡೇ ಅನ್ನ ತಿನ್ನುವವನು ಒಬ್ಬರ ಅಳತೆಗೆ ಇನ್ನೊಬ್ಬರನ್ನು ನಿಲ್ಲಿಸಿದೆ.

ಮೈಲೇಜ್ ಐವತ್ತಾರಕ್ಕೆ ಏರಿತು. ಊಟಕ್ಕೆ ಕೂತಾಗ ಅವಳಿಗೆ ಹೇಳಿದೆ. "ಆತಲ್ಲ ಮತ್ತ" ಅಂದು ನಕ್ಕಳು. ಆಮೇಲೆ ಹತ್ತಿ ಮತ್ತೆ ಕಿವಿಗೆ ಬಂತು. ಕಾಯಿಲೆ ಏರುತ್ತಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಗಾಳಿ ತಾಗುತ್ತಾ ಅಂತ ಕೇಳಿದ್ದೂ ಉಂಟು. ಕೇಳಿದಾಗಲೆಲ್ಲ "ಇಲ್ರೀ, ಆರಾಮೈತಿ" ಅನ್ನುತ್ತಿದ್ದಳು. ಕಿವಿ ನೋಯಲಿಲ್ಲ ಅಂತ ತಾನಾಗಿ ಮಾತ್ರ ಇನ್ನೊಂದು ಸಲ ಹೇಳಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ತೀರಿಕೊಂಡಳು. ಬೆಳಗ್ಗೆ ಎದ್ದು ಕೂತವಳು ಹಾಗೇ ಗೋಡೆಗೆ ಒರಗಿದಳು, ಅಷ್ಟೇ.

ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೋ ದೊಡ್ಡದು ಮಾಡಿಸಿ ಶಿಕಾರಿಪುರದಲ್ಲಿ ಕಟ್ಟು ಹಾಕಿಸಲು ಕೊಟ್ಟಿದ್ದೆವು. ತರಲು ಹೊರಟಾಗ ಕುಬಟೂರಿನಿಂದ ಬಂದಿದ್ದ ಅವಳ ತಮ್ಮ ನನ್ನ ಕೈಯಿಂದ ಕೀಲಿ ಕಿತ್ತುಕೊಂಡ. "ನೀವು ಓಡ್ಸೋದು ಬ್ಯಾಡ ಭಾವ. ಹಿಂದ ಕೂರ್ರಿ." ಬರುವಾಗ ಫೋಟೋ ನನ್ನ ತೊಡೆಯ ಮೇಲೆ. ಕಟ್ಟು ಅಗಲವಾಗಿತ್ತು, ಇಬ್ಬರ ನಡುವೆ ಹಿಡಿಸಲಿಲ್ಲ. ಬೇರೆ ದಾರಿಯಿಲ್ಲದೆ ಎರಡೂ ಕಾಲು ಎಡಕ್ಕೆ ಬಿಟ್ಟು ಅಡ್ಡ ಕೂತೆ.

ಶಿಕಾರಿಪುರ ದಾಟಿ ಬಯಲಿಗೆ ಬಿದ್ದ ಕೂಡಲೇ ಗಾಳಿ ಹೊಡೆಯಿತು. ನೇರ ಬರುವ ಗಾಳಿಯಲ್ಲ. ಗ್ಲಾಸಿನ ಅಂಚು ಹಾರಿ, ಅವನ ಹೆಲ್ಮೆಟ್ಟು ಬಳಸಿ, ಸುತ್ತಿ ಸುತ್ತಿ ಬಂದು ಬಲಗೆನ್ನೆಗೆ ಬಾರಿಸಿದ ಹಾಗೆ ಬಡಿಯುತ್ತಿತ್ತು. ಒಂದು ಕ್ಷಣ ಬಿಡುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಕಣ್ಣು ಬಿಡಲಾಗಲಿಲ್ಲ. ಶಿರಾಳಕೊಪ್ಪ ಬರುವುದರೊಳಗೆ ಕಿವಿಯೊಳಗೆ ಮೊಳೆ ಹೊಡೆದಂತೆ ನೋವು. ನನಗೆ ಜ್ವರವಿರಲಿಲ್ಲ, ಚಳಿಯಿರಲಿಲ್ಲ, ಕೈಗೆ ಸೂಜಿ ಚುಚ್ಚಿರಲಿಲ್ಲ.

"ನಿಲ್ಸೋ" ಅಂದೆ.

"ಯಾಕ ಭಾವ, ಫೋಟೋ ಜಾರ್ತದಾ?"

"ಇಲ್ಲಿ ಗಾಳಿ ಹೆಂಗ್ ಹೊಡೀತೈತೋ ಮಾರಾಯಾ!"

ಗಾಡಿ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿದ. ಆಮೇಲೆ ತಿರುಗದೆಯೇ ಹೇಳಿದ, "ಅಕ್ಕ ಹೇಳ್ತಿದ್ಲು."

"ಏನಂತ?"

"ಗ್ಲಾಸ್ ಕೊಯ್ಸಿದ ಮ್ಯಾಲ ಮುಂದಿನ ಗಾಳಿ ಎಲ್ಲಾ ನನ್ನ ಮುಖಕ್ಕೇ ಬರ್ತೈತಿ, ಗ್ಲಾಸ್ ಇಲ್ದಾಗ್ಲೂ ಇಷ್ಟ್ ಇರ್ಲಿಲ್ಲ ಅಂತ."

"ನಂಗ್ಯಾಕ ಹೇಳ್ಲಿಲ್ಲ?"

"ಮೈಲೇಜ್ ಸರಿಯಾತು ಅಂತ ಖುಷಿಯಾಗಿದ್ರಂತಲ್ಲ ನೀವು. ಅದನ್ನ ಯಾಕ ಕೆಡ್ಸೋದು, ನೀನೂ ಹೇಳ್ಬ್ಯಾಡ ಅಂದ್ಲು."

ನನಗೆ ಅವನ ಮೇಲೆ ಸಿಟ್ಟು ಬಂತು. ಅವಳ ಮೇಲೂ ಬಂತು. ಅದನ್ನು ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ. ಎರಡು ವರ್ಷ ನನ್ನ ಬೆನ್ನ ಹಿಂದೆಯೇ ಕೂತಿದ್ದವಳು ಒಂದು ಮಾತು ಆಡಬಾರದಿತ್ತೇ? ಅವಳು ಕಿವಿಯಲ್ಲಿ ಹತ್ತಿ ಇಟ್ಟು ಎದುರಿಗೇ ನಿಲ್ಲುತ್ತಿದ್ದಳು ಎನ್ನುವುದು ನೆನಪಾಗುವವರೆಗೆ ಆ ಸಿಟ್ಟು ಹಿತವಾಗಿಯೇ ಇತ್ತು.

ಆ ಗಾಳಿಯಿಂದ ಅವಳು ಸಾಯಲಿಲ್ಲ. ಗೊತ್ತಿದೆ. ಡಾಕ್ಟರೂ ಹಾಗೇ ಹೇಳುತ್ತಾರೆ. ಅವಳು ಇದ್ದಷ್ಟು ದಿನ ನಾನು ಅವಳಿಗಾಗಿ ಮಾಡಿದ ಒಂದೇ ಒಂದು ಏರ್ಪಾಟು ಆ ಗ್ಲಾಸು. ಅದರ ಸುಖವನ್ನು ನಾನು ಉಂಡೆ, ಅದರ ಪೆಟ್ಟನ್ನು ಅವಳು ತಿಂದಳು. ಲೀಟರಿಗೆ ಮೂರು ಕಿಲೋಮೀಟರು ಉಳಿಯಿತು.

ಹನ್ನೊಂದನೇ ದಿನ ಪಂಕ್ತಿಯಲ್ಲಿ ಅವಳ ದೊಡ್ಡಮ್ಮ ಪಕ್ಕದ ಹೆಂಗಸರಿಗೆ ಹೇಳುತ್ತಿದ್ದರು, "ನಮ್ಮ ಹುಡುಗಿ ಪುಣ್ಯ ಮಾಡಿದ್ಲವ್ವಾ. ಗಾಳಿ ತಾಗಬಾರ್ದು ಅಂತ ಗಾಡೀಗೆ ಗ್ಲಾಸ್ ಹಾಕ್ಸಿದ್ದ. ಯಾವ ಗಂಡ ಮಾಡ್ತಾನ ಹೇಳು?"

ಹೆಂಗಸರು ನನ್ನ ಕಡೆ ನೋಡಿದರು. ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದ ಅವಳ ತಮ್ಮ ಅಲ್ಲೇ ನಿಂತ. ನಾನು ಏನಾದರೂ ಹೇಳುತ್ತೇನೆಂದು ಅವನು ಕಾದ. ನಾನೂ ಕಾದೆ.

"ಸಾರು ಹಾಕ್ಸ್ಕೊಳ್ರಿ ದೊಡ್ಡಮ್ಮ" ಅಂದೆ.

ಅವನು ಬಡಿಸಿ ಮುಂದಿನ ಎಲೆಗೆ ಹೋದ.